ಬಂದೂಕಿಲ್ಲದ ಬಂದೂಕಿನ ಕಾರ್ಖಾನೆ

ನಮ್ಮ ಮಾವನವರು ಬಂದೂಕು ರಿಪೇರಿ ಮಾಡುವವರು. ಇದುವರೆಗೆ ಒಂದು ಬಂದೂಕನ್ನೂ ಮುಟ್ಟಿಲ್ಲ ಎನ್ನುವುದೊಂದನ್ನು ಬಿಟ್ಟರೆ ಆ ವಿದ್ಯೆಯಲ್ಲಿ ಇಡೀ ಮೈಸೂರಿಗೆ ಅವರ ಸಮಾನರಿಲ್ಲ!

ನಗಬೇಡಿ. ಬನ್ನಿಮಂಟಪದ ನಮ್ಮ ಮನೆಯ ಕಾರ್ ಶೆಡ್ಡಿಗೆ ಒಮ್ಮೆ ಬಂದು ನೋಡಿ. ಕಾರು ರಸ್ತೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಶೆಡ್ಡಿನೊಳಗೆ ಬಂದೂಕು ರಿಪೇರಿಗೆ ಏನೇನು ಬೇಕೋ ಅಷ್ಟೂ ಇದೆ. ಗೋಡೆಗೆ ಬೋಲ್ಟು ಹೊಡೆದು ಕೂರಿಸಿದ ಬೆಂಚು, ಅದರ ಮೇಲೆ ಆನೆಯ ಪಾದದಷ್ಟು ಗಟ್ಟಿಯಾಗಿ ಕೂತ, ಸಾಮಾನನ್ನು ಕಚ್ಚಿ ಹಿಡಿಯುವ ವೈಸು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಗಿಡ್ಡ ಉದ್ದ ನೋಡಿ ಸಾಲಾಗಿ ನೇತುಹಾಕಿದ ಅರಗಳು, ಹಿತ್ತಾಳೆ ಸುತ್ತಿಗೆ, ಮರದ ಸುತ್ತಿಗೆ, ನಳಿಗೆಯೊಳಗೆ ಇಣುಕುವ ಪುಟ್ಟ ದೀಪ, ನಳಿಗೆ ಉಜ್ಜುವ ಉದ್ದನೆಯ ಕೋಲು. ಇಲ್ಲದಿರುವುದು ನಳಿಗೆ ಮಾತ್ರ. ರಿಪೇರಿಯ ಲೈಸೆನ್ಸು ಕೈಗೆ ಬರುವ ತನಕ ಬಂದೂಕು ನಮ್ಮ ಗೇಟು ದಾಟುವಂತಿಲ್ಲ. ಮಾವನವರೋ, ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಸ್ಕೂಟರು ನಿಲ್ಲಿಸಿ ಕಾಯುವ ಪೈಕಿ.

ಇನ್ನು ಅವರ ಶೌರ್ಯ. ನಮ್ಮದು ಬೆಳಗಿನ ಲಿಂಗಪೂಜೆ ಮುಗಿಯದೆ ಗಂಟಲಲ್ಲಿ ಕಾಫಿ ಇಳಿಯದ ಮನೆ. ಕೇಕಿಗೆ ಮೊಟ್ಟೆ ಹಾಕಿದ್ದಾರೆಂಬ ಅನುಮಾನ ಬಂದರೂ ಸಾಕು, ಅದು ಹೊಸಿಲಾಚೆಯೇ ಉಳಿಯುತ್ತದೆ. ಮಾವನವರು ಜಿರಳೆಯನ್ನೂ ಹೊಡೆಯುವುದಿಲ್ಲ. ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಪಕ್ಕದ ಮನೆಯ ಕಾಂಪೌಂಡಿನೊಳಗೆ ಮರ್ಯಾದೆಯಿಂದ ಇಳಿಸಿ ಬರುತ್ತಾರೆ. ದಸರಾ ಪಂಜಿನ ಕವಾಯತಿನ ದಿನ ಇಲ್ಲಿ ತೋಪು ಹಾರುತ್ತದಲ್ಲ, ಆಗ ಕಿವಿಗೆ ಹತ್ತಿ ತುರುಕಿಕೊಂಡು ಬಚ್ಚಲುಮನೆಯಲ್ಲಿ ನಿಂತಿರುತ್ತಾರೆ. ಇಂಥವರಿಗೆ ಬಂದೂಕಿನ ಗೊಡವೆ ಯಾಕೆ ಬೇಕಿತ್ತು?

ನಾನು ಕೇಳಿಯೂ ಬಿಟ್ಟೆ.

ಅದಕ್ಕೊಂದು ಕಥೆಯಿದೆ. ಅವರು ಹೂಟಗಳ್ಳಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಜೀವಮಾನವೆಲ್ಲ ಕೆಲಸ ಮಾಡಿದವರು. ನಿವೃತ್ತಿಗೆ ಸ್ವಲ್ಪ ಮುಂಚೆ, ಜೊತೆಯಲ್ಲಿದ್ದ ಕೊಡಗಿನವರೊಬ್ಬರು ಕರ್ಚೀಫಿನಲ್ಲಿ ಸುತ್ತಿ ಮುರಿದ ಸ್ಪ್ರಿಂಗೊಂದನ್ನು ತಂದರಂತೆ. ಅವರ ತಾತನ ಕಾಲದ ಬಂದೂಕಿನದು. ಕೈಲ್ ಪೊಳ್ದ್ ಹಬ್ಬಕ್ಕೆ ಬಂದೂಕನ್ನು ಪೂಜೆಗಿಡಬೇಕು, ಮುರುಕಲನ್ನು ಇಡುವುದು ಹೇಗೆ ಎಂದು ಅವರಿಗೆ ಸಂಕಟ. ಮಾವನವರು ಊಟದ ಬಿಡುವಿನಲ್ಲಿ ಕೂತು ಹೊಸ ಸ್ಪ್ರಿಂಗು ಮಾಡಿಕೊಟ್ಟರು. ಹಬ್ಬ ಮುಗಿಸಿಕೊಂಡು ಬಂದ ಆ ಮನುಷ್ಯ ಒಂದು ಚೀಲ ಕಿತ್ತಳೆ ಕೊಟ್ಟು, ಇವರ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟರಂತೆ.

“ಅಷ್ಟು ವರ್ಷ ಕೆಲಸ ಮಾಡಿದ್ನಲ್ಲಮ್ಮ, ನಾನು ಮಾಡಿದ ಸಾಮಾನು ಯಾವ ಮಷೀನಿಗೆ ಹೋಯ್ತು, ಯಾರ ಮನೆಗೆ ಹೋಯ್ತು, ಒಂದೂ ಗೊತ್ತಿಲ್ಲ. ಇದೊಂದು ಹೋದ ಮನೆ ಗೊತ್ತು ಕಣಮ್ಮ,” ಎಂದರು ಮಾವ.

ಆ ಬಂದೂಕನ್ನು ಅವರು ನೋಡಲೇ ಇಲ್ಲ. ನೋಡಿದ್ದು ಸ್ಪ್ರಿಂಗು ಮಾತ್ರ! ಆ ಸ್ಪ್ರಿಂಗಿನ ಬಾಲ ಹಿಡಿದುಕೊಂಡು ಒಂದು ಇಡೀ ವರ್ಕ್‌ಶಾಪು ನಮ್ಮ ಮನೆಗೆ ಬಂತು.

ನಿವೃತ್ತಿಯಾದಾಗ ನಮ್ಮವರು ಅಪ್ಪನಿಗೆಂದು ಮಖಮಲ್ಲಿನ ಪೆಟ್ಟಿಗೆಯಲ್ಲಿದ್ದ ಸ್ಕ್ರೂಡ್ರೈವರುಗಳ ಸೆಟ್ಟನ್ನು ತಂದುಕೊಟ್ಟರು. ಮರುದಿನ ನೋಡಿದರೆ ಮಾವನವರು ಗ್ರೈಂಡರಿನ ಮುಂದೆ ಕೂತು ಅಷ್ಟರ ಮೂತಿಯನ್ನೂ ಸವೆಸುತ್ತಿದ್ದಾರೆ.

“ಅಪ್ಪಾ, ಹೊಸಾದು ಕಣಪ್ಪ ಅದು,” ಎಂದು ನಮ್ಮವರು ಅಳುವುದೊಂದು ಬಾಕಿ.

“ಊರಿಗೆಲ್ಲ ಒಂದೇ ಸೈಜಿನ ಚಪ್ಪಲಿ ಆಯ್ತದೇನೋ? ಬಂದೂಕಿನ ಸ್ಕ್ರೂ ತಲೆ ಮೇಲೆ ಇರೋ ಗೀರು ಕೂದಲೆಳೆ ಹಂಗಿರುತ್ತೆ. ಅದಕ್ಕೆ ತಕ್ಕ ಮೂತಿ ಇಲ್ದೇ ಹೋದ್ರೆ ಸ್ಕ್ರೂ ಹಾಳು.”

ಹೀಗೆ ಇನ್ನೂ ಬಾರದ ಬಂದೂಕುಗಳ, ಇನ್ನೂ ಕಾಣದ ಸ್ಕ್ರೂಗಳ ಅಳತೆಗೆ ಸ್ಕ್ರೂಡ್ರೈವರುಗಳು ತಯಾರಾದವು. ಗಂಡು ಗೊತ್ತಾಗುವ ಮೊದಲೇ ಮದುವೆಯ ಸೂಟು ಹೊಲಿಸಿಟ್ಟ ಹಾಗೆ.

ಮುಂದಿನ ಸರದಿ ವೈಸಿನದು. ಅದರ ಉಕ್ಕಿನ ಹಲ್ಲು ಕಚ್ಚಿದರೆ ನಯವಾದ ಸಾಮಾನಿಗೆ ಗಾಯವಾಗುತ್ತದಂತೆ, ಹಲ್ಲಿಗೆ ತಾಮ್ರದ ಮೆತ್ತನೆ ಕವಚ ಹಾಕಬೇಕಂತೆ. ತಾಮ್ರ ಎಲ್ಲಿಂದ ಬರಬೇಕು? ಅದೇ ವಾರ ಅತ್ತೆಯ ತವರಿನ ತಾಮ್ರದ ತಟ್ಟೆ ಕಾಣೆಯಾಯಿತು. ಅತ್ತೆ ದೇವರ ಗೂಡಿನಿಂದ ಅಟ್ಟದ ತನಕ ಹುಡುಕಿ, ಕೊನೆಗೆ ಶೆಡ್ಡಿಗೆ ಬಂದು ನೋಡಿದರು. ತಟ್ಟೆ ಎರಡು ತುಂಡಾಗಿ ವೈಸಿನ ಬಾಯೊಳಗಿತ್ತು. ಅಂಚಿನ ಬಳ್ಳಿಯ ಚಿತ್ತಾರ ಇನ್ನೂ ಕಾಣುತ್ತಿತ್ತು.

“ನಮ್ಮಪ್ಪನ ಮನೇದು ಕಣ್ರೀ ಅದು.”

“ಹಾಳಾಗಿಲ್ಲ ಕಣೇ. ಕೆಲಸಕ್ಕೆ ಸೇರ್ಕೊಂಡಿದೆ.”

ಅತ್ತೆ ನಗಲಿಲ್ಲ. ಮೊದಲೇ ಅವರಿಗೆ ಮನೆಯಲ್ಲಿ ಬಂದೂಕಿನ ಮಾತೇ ಬೇಡವಾಗಿತ್ತು. ಜೀವ ತೆಗೆಯೋ ಸಾಮಾನು ಲಿಂಗ ಕಟ್ಟಿಕೊಂಡವರಿಗೆ ಯಾಕೆ ಎಂಬುದು ಅವರ ವಾದ. “ಇವತ್ತಿಂದ ನಾನು ಈ ಶೆಡ್ಡಿನೊಳಗೆ ಕಾಲಿಟ್ಟರೆ ಕೇಳಿ,” ಎಂದು ಹೇಳಿ ಹೊರಟರು. ಅತ್ತೆ ಹೇಳಿದರೆ ಹೇಳಿದ ಹಾಗೆ.

ಅದಾದ ಕೆಲವು ದಿನಕ್ಕೆ ಬೆಂಚಿನ ಪಕ್ಕದಲ್ಲಿ ಒಂದು ಬೆತ್ತದ ಕುರ್ಚಿ ಬಂದದ್ದನ್ನು ನಾನು ಗಮನಿಸಿದೆ. ಧೂಳು ಕೂರದಂತೆ ಅದಕ್ಕೊಂದು ಟವಲು ಹೊದಿಸಿದ್ದರು. ಮಾವನವರು ನಿಂತೇ ಕೆಲಸ ಮಾಡುವವರು. “ಇದು ಯಾರಿಗೆ ಮಾವ?” ಎಂದರೆ, “ಯಾರಾದ್ರೂ ಬಂದ್ರೆ,” ಎಂದು ಅರಕ್ಕೆ ಸೀಮೆಸುಣ್ಣ ಉಜ್ಜತೊಡಗಿದರು.

ಯಾರು ಬರುತ್ತಾರೆ? ಬಂದದ್ದು ಕಬ್ಬಿಣ ಕಡೆಯುವ ಲೇತು. ಹೂಟಗಳ್ಳಿಯಲ್ಲಿ ಮುಚ್ಚಿದ ಯಾವುದೋ ಸಣ್ಣ ವರ್ಕ್‌ಶಾಪಿನದು, ಟೆಂಪೋದಲ್ಲಿ ಹಗ್ಗ ಬಿಗಿಸಿಕೊಂಡು, ಗೋಣಿಚೀಲ ಹೊದ್ದುಕೊಂಡು ಬಂದಿಳಿಯಿತು. ಮಾವನವರು ಮದುವಣಗಿತ್ತಿಯನ್ನು ಇಳಿಸಿಕೊಳ್ಳುವ ಹಾಗೆ “ನಿಧಾನ, ನಿಧಾನ” ಎನ್ನುತ್ತ ಹಿಂದೆ ಮುಂದೆ ಓಡಾಡುತ್ತಿದ್ದರು. ಪಕ್ಕದ ಮನೆಯಾಕೆ ಗೇಟಿಗೆ ಬಂದು, “ಏನ್ರೀ, ಹೊಸ ವಾಷಿಂಗ್ ಮಷೀನಾ?” ಎಂದರು.

ಅತ್ತೆ ಬಾಗಿಲಲ್ಲೇ ನಿಂತು, “ಅಲ್ಲ ಕಣ್ರೀ, ಸವತಿ,” ಎಂದು ಒಳಗೆ ಹೋದರು.

ಆಯುಧಪೂಜೆಯ ದಿನ ಇನ್ನೊಂದು ರಗಳೆ. ನಿಜವಾದ ಆಯುಧದ ಕಾರ್ಖಾನೆ ಇಟ್ಟುಕೊಂಡವರ ಮನೆಯಲ್ಲಿ ಪೂಜೆ ಜೋರಾಗಿರಬೇಕು ತಾನೆ? ಅಯ್ಯೋ, ಅರಗಳಿಗೆ ನೀರು ಸೋಕಕೂಡದು, ವೈಸಿಗೆ ಕುಂಕುಮ ಹಚ್ಚಕೂಡದು, ಕಬ್ಬಿಣಕ್ಕೆ ತೇವ ತಾಗಿದರೆ ತುಕ್ಕು! ಕೊನೆಗೆ ಮರದ ಹಿಡಿಗಳಿಗೆ ಮಾತ್ರ ಮಾವನವರೇ ವಿಭೂತಿ ಹಚ್ಚಿದರು. ಅತ್ತೆ ಮಾತಿಗೆ ತಪ್ಪದೆ ಶೆಡ್ಡಿನ ಹೊಸಿಲಾಚೆ ನಿಂತು ಮಂಗಳಾರತಿ ಎತ್ತಿ, ಗುರಿಯಿಟ್ಟು ಸೇವಂತಿಗೆ ಎಸೆದರು. ಒಂದು ಹೂವು ಸೀದಾ ಲೇತಿನ ತಲೆಯ ಮೇಲೆ ಕೂತಿತು. “ನಮ್ಮ ಮನೇಲಿ ಗುರಿ ಇಟ್ಟು ಹೊಡೆಯೋರು ಇವಳೊಬ್ಬಳೇ,” ಎಂದರು ಮಾವ.

ತುಕ್ಕೆಂದರೆ ಹೀಗೆ ಉರಿದುಬೀಳುವ ಮನುಷ್ಯ ಒಂದು ದಿನ ಬಚ್ಚಲುಮನೆಯಲ್ಲಿ ಹಗ್ಗ ಕಟ್ಟಿ, ಕಬ್ಬಿಣದ ತುಂಡುಗಳನ್ನು ಒಗೆದ ಬಟ್ಟೆಯ ಹಾಗೆ ನೇತುಹಾಕಿ, ಬಿಸಿನೀರಿನ ನಲ್ಲಿ ತಿರುಗಿಸಿ ಬಾಗಿಲು ಹಾಕಿಕೊಂಡು ಬಂದರೆ ನಾವು ಏನೆಂದುಕೊಳ್ಳಬೇಕು?

“ತುಕ್ಕು ಹಿಡೀಬೇಕು ಕಣಮ್ಮ,” ಎಂದು ನನಗೆ ವಿವರಿಸಿದರು. ಬಂದೂಕಿನ ಮೇಲಿರುವ ಆ ನೀಲಿಗಪ್ಪು ಬಣ್ಣ ಬಳಿದದ್ದಲ್ಲವಂತೆ. ಕಬ್ಬಿಣಕ್ಕೆ ತೆಳ್ಳಗೆ ತುಕ್ಕು ಹಿಡಿಸಬೇಕು, ಕುದಿಯುವ ನೀರಿಗೆ ಹಾಕಬೇಕು, ಕೆಂಪು ತುಕ್ಕು ಕಪ್ಪಾಗುತ್ತದೆ, ಮೆಲ್ಲಗೆ ಉಜ್ಜಬೇಕು. ಮತ್ತೆ ತುಕ್ಕು, ಮತ್ತೆ ಕುದಿ, ಮತ್ತೆ ಉಜ್ಜು. ಹೀಗೆ ದಿನಗಟ್ಟಲೆ ಮಾಡಿದರೆ ಜಂಬುನೇರಳೆಯ ಹಾಗೆ ಕಪ್ಪು ಕೂರುತ್ತದೆ, ಆಮೇಲೆ ಸುಲಭಕ್ಕೆ ತುಕ್ಕು ಹತ್ತಿರ ಸುಳಿಯುವುದಿಲ್ಲ. ಲೈಸೆನ್ಸಿಗೆ ಮುಂಚೆ ಬಂದೂಕಿನ ಕೆಲಸ ಬಲ್ಲ ಅಧಿಕಾರಿಯೊಬ್ಬರು ಬಂದು ಜಾಗ ನೋಡುವವರಿದ್ದರು, ಕೈಕೆಲಸವನ್ನೂ ನೋಡುವವರಿದ್ದರು. ಅವರಿಗೆ ತೋರಿಸಲು ಮಾವನವರು ಕೆಲವು ಸ್ಕ್ರೂಗಳನ್ನೂ, ಬಂದೂಕಿನಲ್ಲಿ ಬೆರಳಿಟ್ಟು ಎಳೆಯುವ ಕುದುರೆಯ ಸುತ್ತ ಬಳೆಯ ಹಾಗೆ ಬಾಗಿ ಬರುವ ಒಂದು ಪಟ್ಟಿಯನ್ನೂ ತಮ್ಮ ಕೈಯಾರೆ ಮಾಡಿದ್ದರು. ನಾವೆಲ್ಲ ತುಕ್ಕಿನ ಜೊತೆ ಸ್ನಾನ ಮಾಡಿದೆವು. ನನ್ನ ಹಾಲಿನ ಪಾತ್ರೆ ಕಬ್ಬಿಣ ಬೇಯಿಸಲು ಹೋಯಿತು. ಕೊನೆಗೂ ಕಪ್ಪು ಕೂತಿತು. ಮಾವನವರು ಆ ಪಟ್ಟಿಯನ್ನು ಮೆತ್ತನೆ ಬಟ್ಟೆಯಲ್ಲಿ ಹಿಡಿದು, ಹೆತ್ತ ಮಗುವನ್ನು ತೋರಿಸುವ ಹಾಗೆ ನನಗೆ ತೋರಿಸಿದರು. ಅತ್ತೆ ಮಾತ್ರ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಶೆಡ್ಡಿನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದರು.

ಅಧಿಕಾರಿ ಬರುವ ಹಿಂದಿನ ದಿನ ಮಾವನವರು ಕ್ಷೌರಕ್ಕೆ ಹೋದರು. ಬಟ್ಟೆ ಒಣಹಾಕುತ್ತಿದ್ದ ನನ್ನನ್ನು ಅತ್ತೆ ಕರೆದರು. ದನಿ ಶೆಡ್ಡಿನ ಒಳಗಿನಿಂದ ಬಂತು!

“ನೋಡಮ್ಮ ಇಲ್ಲಿ. ನಾಳೆ ಸಾಹೇಬ್ರು ಬರ್ತಾರಂತಲ್ಲ. ಎಲ್ಲ ತುಕ್ಕು ಹಿಡಿದು ಮಸಿ ಆಗೋಗಿತ್ತು. ಹಿಂಗೇ ತೋರಿಸಿದ್ರೆ ಇವರ ಮಾನ ಏನಾಗ್ಬೇಕು? ಹುಣಸೆಹಣ್ಣು ಹಾಕಿ ತಿಕ್ಕಿಟ್ಟೆ. ಬೆಳ್ಳಿ ಆಗೋಯ್ತು.”

ಆಗಿತ್ತು. ಸ್ಕ್ರೂಗಳು, ಪಟ್ಟಿ, ಎಲ್ಲವೂ ಹಬ್ಬದ ದಿನದ ಪಂಚಪಾತ್ರೆಯಂತೆ ಥಳಥಳ ಹೊಳೆಯುತ್ತಿದ್ದವು. ದಿನಗಟ್ಟಲೆಯ ಕಪ್ಪು ಬಕೆಟಿನ ತಳದಲ್ಲಿತ್ತು. ಅಷ್ಟರಲ್ಲಿ ಗೇಟು ಸದ್ದಾಯಿತು.

ಮಾವನವರು ಬಂದು ಬಾಗಿಲಲ್ಲಿ ನಿಂತರು. ಬೆಂಚಿನ ಮೇಲೆ ಬೆರಳಚ್ಚು ಬಿದ್ದರೂ ಕೂಗಾಡುವ ಮನುಷ್ಯ. ಅವರ ಕಣ್ಣು ಪಟ್ಟಿಯ ಮೇಲೆ ನಿಂತಿತು. ಆಮೇಲೆ ಹುಣಸೆಹುಳಿಗೆ ಸುಕ್ಕುಗಟ್ಟಿದ ಅತ್ತೆಯ ಬೆರಳಿನ ಮೇಲೆ. ಆಮೇಲೆ ಕೆಳಗೆ, ಅತ್ತೆಯ ಕಾಲಿನ ಮೇಲೆ. ಕಾಲು ಹೊಸಿಲಿನ ಒಳಗಿತ್ತು.

“ಚೆನ್ನಾಗಿ ಹೊಳೀತಿದೆ ಕಣೇ,” ಎಂದರು. ಕುರ್ಚಿಯ ಮೇಲಿನ ಟವಲು ತೆಗೆದರು. “ನಿಂತೇ ಇದ್ದೀಯಲ್ಲ, ಕೂತ್ಕೋ.”

ಮರುದಿನ ಅಧಿಕಾರಿ ಬಂದರು. ಬಾಗಿಲ ಬೀಗ, ಕಬ್ಬಿಣದ ಬೀರು, ಬೆಂಚು, ಲೇತು ಎಲ್ಲ ನೋಡಿ ತಲೆದೂಗಿದರು. ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕೆಲಸ ನುಣ್ಣಗಿದೆ. ಆದ್ರೆ ಕಪ್ಪು ಏರಿಸಿ ತೋರಿಸ್ತೀನಿ ಅಂದಿದ್ರಿ?”

ಅತ್ತೆ ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು. ಕೆಂಪು ದೀಪಕ್ಕೂ ಸುಳ್ಳು ಹೇಳದ ನಮ್ಮ ಮಾವನವರು ಹೇಳಿದರು: “ಅದಿನ್ನೂ ಆಗಿಲ್ಲ ಸಾರ್. ನನ್ನಿಂದ ತಡ ಆಗೋಯ್ತು.”

“ಹಂಗಾರೆ ಅದನ್ನ ಮುಗಿಸಿ ತಿಳಿಸಿ. ಇನ್ನೊಂದ್ಸಲ ಬಂದು ನೋಡ್ತೀನಿ. ಅಲ್ಲೀತನಕ ಫೈಲು ಮುಂದಕ್ಕೆ ಹೋಗಲ್ಲ.”

ಅಧಿಕಾರಿ ಗೇಟು ದಾಟಿದ್ದೇ ತಡ, ಅತ್ತೆ ಶುರುಮಾಡಿದರು. “ಇಷ್ಟು ದಿವಸ ಒಳಗೆ ಕೂತು ಏನು ಮಾಡ್ತಿದ್ರಿ ಹಂಗಾದ್ರೆ? ನಾನಾದ್ರೂ ತಿಕ್ಕಿಡದೇ ಇದ್ದಿದ್ರೆ ಇನ್ನೇನು ಗತಿ?”

“ನಿಜ ಕಣೇ,” ಎಂದರು ಮಾವ. ಆಮೇಲೆ ಅಡುಗೆಮನೆಗೆ ಬಂದು ಲೋಟ ತೊಳೆಯುವ ನೆಪದಲ್ಲಿ ಪಿಸುಗುಟ್ಟಿದರು: “ಅವಳಿಗೆ ಹೇಳ್ಬೇಡ ಕಣಮ್ಮ.”

ಈಗ ಹೊಸ ತುಂಡುಗಳು ತಯಾರಾಗುತ್ತಿವೆ. ಹಳೆಯ ಪಟ್ಟಿಗೆ ಮಾತ್ರ ಮಾವನವರು ಮತ್ತೆ ಕಪ್ಪು ಏರಿಸಲಿಲ್ಲ. ಅದು ಹಾಗೇ ಹೊಳೆಯುತ್ತ ಬೆಂಚಿನ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ. ಕಪ್ಪಿಲ್ಲದ ಕಬ್ಬಿಣವನ್ನು ದಿನಾ ನೋಡಿಕೊಳ್ಳಬೇಕು, ಒಂದು ದಿನ ಎಣ್ಣೆ ತಪ್ಪಿದರೂ ತುಕ್ಕು. “ಹೊಳಪು ಕೊಟ್ಟವಳು ನೀನು, ನೀನೇ ನೋಡ್ಕೋಬೇಕು,” ಎಂದುಬಿಟ್ಟರು. ಹಾಗಾಗಿ ಪೂಜೆ ಮುಗಿಸಿ ಅತ್ತೆ ಪ್ರತಿದಿನ ಶೆಡ್ಡಿಗೆ ಹೋಗುತ್ತಾರೆ, ಪಟ್ಟಿಗೆ ಎಣ್ಣೆ ಒರೆಸಿ ಬೆತ್ತದ ಕುರ್ಚಿಯಲ್ಲಿ ಕೂತು ಮಾವನವರ ಅರದ ಸದ್ದಿನ ಮಧ್ಯೆ ಬೀನ್ಸು ಬಿಡಿಸುತ್ತಾರೆ. ನಾನು ಎರಡು ಲೋಟ ಕಾಫಿಯನ್ನು ಅಲ್ಲಿಗೇ ಒಯ್ಯುತ್ತೇನೆ.

ಮೊನ್ನೆ ಕಾಫಿ ಒಯ್ದಾಗ ಮಾವನವರು ಇರಲಿಲ್ಲ. ಅತ್ತೆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತ ಕೇಳಿದರು: “ಆವತ್ತು ಸಾಹೇಬ್ರು ಕೇಳಿದ ಕಪ್ಪು, ನಾನು ತಿಕ್ಕಿ ತೆಗೆದೆನಲ್ಲ, ಆ ಮಸೀನೇ ಅಲ್ವೇನಮ್ಮ?”

ನಾನು ಲೋಟದ ಕಡೆ ನೋಡಿದೆ.

“ನಂಗೆ ಗೊತ್ತಾಗಿದೆ ಅಂತ ಅವರಿಗೆ ಹೇಳ್ಬೇಡ,” ಎಂದು ಪಟ್ಟಿಯನ್ನು ಇನ್ನೊಮ್ಮೆ ಒರೆಸಿ ಮೊಳೆಗೆ ಸಿಕ್ಕಿಸಿದರು.

ಇವತ್ತು ಬೆಳಿಗ್ಗೆ ನಾನು ಸ್ನಾನಕ್ಕೆ ಹೊರಟೆ. ಬಚ್ಚಲಿನ ಹಗ್ಗದ ಮೇಲೆ ಹೊಸ ತುಂಡುಗಳು ನೇತಾಡುತ್ತಿದ್ದವು. ಹಿಂದಿನಿಂದ ಅತ್ತೆಯ ದನಿ ಬಂತು: “ಬಿಸಿನೀರು ಸ್ವಲ್ಪ ಜಾಸ್ತಿ ಬುಡು ಕಣಮ್ಮ. ಚೆನ್ನಾಗಿ ತುಕ್ಕು ಹಿಡೀಲಿ.”