ನಾಳೆ ಬರ್ರಿ ಎಂದರೆ ಕಚ್ಚುವ ಗಿಣಿ

ಮನುಷ್ಯರು ಯಾಕೆ ಕಚ್ಚುತ್ತಾರೆಂಬುದು ನನಗೆ ಮೊದಲಿಂದಲೂ ಅಷ್ಟಿಷ್ಟು ಅರ್ಥವಾಗುತ್ತದೆ. ಗಿಣಿ ಯಾಕೆ ಕಚ್ಚುತ್ತದೆಂದು ತಿಳಿಯುವುದಕ್ಕೆ ಮಾತ್ರ ಒಂದು ಬೇಸಿಗೆಯೇ ಹಿಡಿಯಿತು. ದಿನಚರಿ ಬರೆಯುವ ಜಂಬವಿರುವವನು ಯಾವುದನ್ನೂ ಸುಮ್ಮನೆ ಕಚ್ಚಿಸಿಕೊಳ್ಳುವುದಿಲ್ಲ. ತಾರೀಖು, ವೇಳೆ, ಯಾವ ಬೆರಳು, ರಕ್ತ ಬಂತೋ ಇಲ್ಲವೋ, ಎಲ್ಲ ಬರೆದಿಟ್ಟ ಮೇಲೆಯೇ ಅರಿಶಿನ ಹಚ್ಚಿಕೊಳ್ಳುತ್ತಾನೆ.

ಹೊಳಲ್ಕೆರೆಯಲ್ಲಿ ನಮ್ಮಪ್ಪನದು ಟೈಲರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ತಾಳ್ಯದ ಸೋದರತ್ತೆಯ ಮೊಮ್ಮಗು ಅವಳು ಸಾಕಿದ್ದ ಗಿಣಿಯ ಬಾಲ ಎಳೆಯತೊಡಗಿದ್ದರಿಂದ ಅವಳು, "ಬಂಗಾರದಂಥಾ ಪ್ರಾಣಿ ಕಣಲೇ, ಕಚ್ಚಾದು ಅಂದ್ರೇನಂತ್ಲೇ ಗೊತ್ತಿಲ್ಲ" ಎಂದು ಅದನ್ನು ನನಗೊಪ್ಪಿಸಿದಳು. ಹೆಸರು ಸಾವ್ಕಾರ. ಅಪ್ಪ ಬೇಡವೆಂದ, ಜವಾಬ್ದಾರಿ ನನ್ನದೆಂದೆ. ಗೂಡಿನ ಬಾಗಿಲು ತೆರೆದಿಟ್ಟರೆ ಅದು ಹೊಲಿಗೆ ಮಿಷನ್ನಿನ ಮೇಲೆ ಬಂದು ಕೂರುತ್ತಿತ್ತು. ವಾರದೊಳಗೇ ಅಪ್ಪನ ಬೆರಳುಗಳಲ್ಲಿ ಸೂಜಿ ಹಿಡಿಯುವ ಬೆರಳನ್ನೇ ಆರಿಸಿ ಕಚ್ಚಿತು. ಮದುವೆಯ ಕಾಲ, ಆ ಬೆರಳನ್ನು ನಂಬಿಕೊಂಡು ಅರ್ಧ ಊರಿನ ರವಿಕೆಗಳು ಕಾದಿದ್ದವು.

"ಇನ್ನೊಂದು ಸಲ ನನ್ನ ಕಚ್ಚಿದ್ರೆ ಇದು ವಾಪಸ್ ತಾಳ್ಯಕ್ಕೆ" ಎಂದ ಅಪ್ಪ, ಬೆರಳನ್ನು ಬಾಯಲ್ಲಿಟ್ಟುಕೊಂಡೇ. ಮಗನಾದ ನನ್ನನ್ನು ಕಚ್ಚಿದರೆ ಅದು ಲೆಕ್ಕಕ್ಕಿಲ್ಲ.

ಗಿರಾಕಿಗಳು ಉಪದೇಶ ಮಾಡುವುದರಲ್ಲಿ ಧಾರಾಳಿಗಳು. "ಕೊಕ್ಕಿಗೆ ಒಂದು ಬಿಡಪ್ಪ, ಬುದ್ಧಿ ಬರ್ತೈತೆ" ಎಂದರು. ಬಿಟ್ಟೆ. ಬುದ್ಧಿ ಬಂದದ್ದು ನನಗೆ. ನನ್ನ ಟಿಪ್ಪಣಿಯ ಪ್ರಕಾರ ಸಂತೆಯ ದಿನ ಕಡಿತ ಜಾಸ್ತಿ. ಜನಸಂದಣಿಗೆ ಹೆದರುತ್ತದೆಂದು ತೀರ್ಮಾನಿಸಿ ಗೂಡಿಗೆ ಬಟ್ಟೆ ಹೊದಿಸಿದೆ. ಯುಗಾದಿಗೆ ಅಂಗಿ ಹೊಲಿಯಲೆಂದು ಅಪ್ಪನಿಗೆ ಕೊಟ್ಟಿದ್ದ ನನ್ನದೇ ಬಟ್ಟೆ. ಹಬ್ಬ ಮುಗಿದು ಎಷ್ಟೋ ದಿನವಾದರೂ ಅದಕ್ಕೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಕತ್ತಲಲ್ಲಿ ಸಾವ್ಕಾರನ ಕೋಪ ಇನ್ನಷ್ಟು ಏರಿತು.

ಆಮೇಲೆ ನನಗೆ ಹೊಳೆದದ್ದು ಮರ್ಯಾದೆ. ಹೆಸರೇ ಸಾವ್ಕಾರ, ನಾನು ಕರೆಯುವುದು "ಬಾರಲೇ" ಎಂದು! ಅಂಗೈ ಚಾಚಿ ವಿನಯದಿಂದ, "ಬರ್ರಿ ಸಾವ್ಕಾರ್ರೇ" ಎಂದೆ. ತಕ್ಷಣ ಬಂದು ಕೈಮೇಲೆ ಕುಳಿತಿತು. ನನ್ನ ಎದೆ ಉಬ್ಬಿತು. ಅದು ಕತ್ತು ಓರೆ ಮಾಡಿ ಖಾಲಿ ಅಂಗೈಯನ್ನು ನೋಡಿತು, ಕಣ್ಣಪಾಪೆ ಕಿರಿದಾಯಿತು, ಹೆಬ್ಬೆರಳಿನ ಬುಡಕ್ಕೇ ಕಚ್ಚಿತು.

ಅದೇ ಸಂಜೆ ಮೇಷ್ಟ್ರೊಬ್ಬರು ಪ್ಯಾಂಟು ಕೇಳಿಕೊಂಡು ಬಂದರು. "ಬಟನ್ ಒಂದು ಬಾಕಿ ಐತೆ, ನಾಳೆ ಬರ್ರಿ ಮೇಷ್ಟ್ರೇ" ಎಂದ ಅಪ್ಪ. ಪ್ಯಾಂಟು ಇನ್ನೂ ಕತ್ತರಿಯನ್ನೇ ಕಂಡಿರಲಿಲ್ಲ. ಸಾವ್ಕಾರ ಹಾರಿ ಬಂದು ಅಪ್ಪನ ಅದೇ ಬೆರಳಿಗೆ ಬಾಯಿ ಹಾಕಿತು.

"ನಾವು ಇಷ್ಟು ದಿನದಿಂದ ಅಂದ್ಕಂಡಿದ್ದನ್ನ ಅದು ಮಾಡ್ತು ನೋಡ್ರಿ" ಎಂದರು ಮೇಷ್ಟ್ರು, ತೃಪ್ತಿಯಿಂದ.

ಮರುದಿನ ಗೂಡು ಹಿಡಿದು ತಾಳ್ಯಕ್ಕೆ ಹೋದೆ. ಅತ್ತೆ ಬಾಗಿಲಲ್ಲೇ, "ಯಾಕಲೇ, ಹೊಲಿಯಾಕೆ ಕೊಟ್ಟ ಬಟ್ಟೆ ಥರ ಹಂಗೇ ವಾಪಸ್ ತಂದೆ?" ಎಂದಳು. ನಾನು ಗಾಯಗಳನ್ನು ತಾರೀಖಿನ ಸಮೇತ ವಿವರಿಸುತ್ತಿರುವಾಗ ಮಾವ ಹೊಲದಿಂದ ಬಂದರು. ಗಂಡನ ಹೆಸರು ಹೇಳದ ಅತ್ತೆ, "ಬಂದ್ರಾ? ಬರ್ರಿ, ಕುಂತ್ಕಳ್ರಿ" ಎಂದಳು. ಸಾವ್ಕಾರ ಬಾಗಿಲು ತೆರೆದಿದ್ದ ಗೂಡಿನಿಂದ ಜಿಗಿದು ಮಾವನ ಹೆಗಲೇರಿತು. ಮಾವ ಜೇಬಿನಿಂದ ಒಂದು ಕಡಲೆಕಾಯಿ ತೆಗೆದು ಕೊಟ್ಟರು.

"ದಿನಾ ಹಿಂಗೇನಾ?" ಎಂದೆ.

"ಹೂಂ ಮತ್ತೆ. ಅತ್ಲಾಗೆ ನಾನು 'ಬರ್ರಿ' ಅಂದ್ರೆ ಇತ್ಲಾಗೆ ಅದಕ್ಕೆ ಕಾಯಿ" ಎಂದಳು ಅತ್ತೆ.

ಸಾವ್ಕಾರನ ಕನ್ನಡದಲ್ಲಿ 'ಬರ್ರಿ' ಎಂದರೆ ಕಡಲೆಕಾಯಿ! ಬೆಳಗಿಂದ ಸಂಜೆವರೆಗೆ ಕಡಲೆಕಾಯಿ, ಕಡಲೆಕಾಯಿ ಎಂದು ಕೂಗಿ ಒಂದನ್ನೂ ಕೊಡದ ಅಂಗಡಿಯಲ್ಲಿ ಅದು ಇನ್ನೇನು ಮಾಡಬೇಕಿತ್ತು?

ಮೊಮ್ಮಗುವಿನ ಕೈ ಆಗಲೇ ಬಾಲದತ್ತ ಚಾಚಿತ್ತು. ಗಿಣಿಯನ್ನೂ ಒಂದು ಚೀಲ ಕಡಲೆಕಾಯನ್ನೂ ಹೊತ್ತು ವಾಪಸಾದೆ. "ಆಡಿದ ಮಾತಿಗೆಲ್ಲ ಕಾಯಿ ಕೊಡಾದಾದ್ರೆ ಅಂಗಡಿ ಮುಚ್ಚಾಣ ಬಿಡಲೇ" ಎಂದ ಅಪ್ಪ. ಆದರೆ ಬೆರಳು ಒಪ್ಪಿಕೊಂಡಿತು. ಈಗ ಮಿಷನ್ನಿನ ಪಕ್ಕ ಒಂದು ಬಟ್ಟಲಿದೆ. ಒಂದು 'ನಾಳೆ ಬರ್ರಿ'ಗೆ ಒಂದು ಕಾಯಿ. ಸಾವ್ಕಾರ ದಪ್ಪಗಾಗಿದೆ, ಯಾರನ್ನೂ ಕಚ್ಚುವುದಿಲ್ಲ. ಕಚ್ಚುವ ಗಿಣಿಯನ್ನು ಪಳಗಿಸುವ ಶಾಸ್ತ್ರ ನನಗೆ ಕರಗತವಾಯಿತೆಂದು ದಿನಚರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ನಿನ್ನೆ ಅಪ್ಪನ ಎದುರು ನಿಂತು ಖಡಾಖಂಡಿತವಾಗಿ ಕೇಳಿದೆ: "ನನ್ನ ಅಂಗಿ ಯಾವಾಗ?"

"ನಾಳೆ" ಎಂದ ಅಪ್ಪ, ತಲೆಯೆತ್ತದೆ, ಬಟ್ಟಲಿನಿಂದ ಒಂದು ಕಡಲೆಕಾಯಿ ತೆಗೆದು ನನ್ನ ಅಂಗೈಗಿಟ್ಟ.

ಸಿಪ್ಪೆ ಬಿಡಿಸುತ್ತಾ ಒಳಗೆ ಬಂದೆ.