ಐನೂರ ಏಳಕ್ಕೆ ಕಾಯುವವರು

ಎಲ್ಲಕ್ಕೂ ಮೂಲ 'ಆಯ್ತು' ಎನ್ನುವ ಒಂದೇ ಒಂದು ಮಾತು. ಅದನ್ನು ಅವನು ಯೋಚಿಸಿ ಆಡುತ್ತಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ, ಸೀನು ಬಂದಂತೆ ತಾನಾಗಿಯೇ ಹೊರಬೀಳುತ್ತಿತ್ತು.

ಅವನು ಕನ್ನಡಕದಂಗಡಿಯ ಹಿಂಗೋಣೆಯಲ್ಲಿ ಗಾಜು ಉಜ್ಜುವ ಕೆಲಸದವನು. ದಿನವಿಡೀ ಯಂತ್ರದ ಗುಂಯ್‌ಗುಡುವಿಕೆ, ಸಂಜೆಗೆ ಮೂರನೆಯ ಮಹಡಿಯ ಒಂಟಿ ಕೋಣೆ. ಅಲ್ಲಿ ಮಾತು ಎಷ್ಟು ಅಪರೂಪವೆಂದರೆ, ಕೆಮ್ಮಿದರೆ ಯಾರೋ ಬಂದರೆಂದು ತಾನೇ ತಿರುಗಿ ನೋಡುತ್ತಿದ್ದ. ಹಾಗಾಗಿ ನಾಲ್ಕು ತಿಂಗಳ ಹಿಂದೆ ಅಕ್ಕ, "ನಾವೆಲ್ಲ ಸೇರಿ ಹಾಫ್ ಮ್ಯಾರಥಾನ್ ಓಡೋಣ ಕಣೋ. ಇಪ್ಪತ್ತೊಂದು ಕಿಲೋಮೀಟರ್ ಅಷ್ಟೇ. ಜೊತೆಗಿದ್ರೆ ಗೊತ್ತೇ ಆಗಲ್ಲ" ಎಂದಾಗ ಅವನ 'ಆಯ್ತು' ಮಾಮೂಲಿಗಿಂತ ಬೇಗನೇ ಹೊರಬಂದಿತ್ತು.

ಅಕ್ಕ, ಭಾವ, ಕೆಳಮನೆಯ ನಿವೃತ್ತ ಮೇಷ್ಟ್ರು, ಅಂಗಡಿಯ ಮ್ಯಾನೇಜರು ಮತ್ತು ಅವನು, ಒಟ್ಟು ಐವರು. ಮೊದಲ ಭಾನುವಾರ ಐವರೂ ಉದ್ಯಾನ ಸುತ್ತಿದರು. ಎರಡನೆಯ ಭಾನುವಾರ ಮೂವರು. ಮೂರನೆಯ ವಾರ ಮೇಷ್ಟ್ರು ಬೆಂಚಿನ ಮೇಲೆ ಕೂತು ಅವನ ಸುತ್ತುಗಳನ್ನು ಎಣಿಸಿದರು. ಆಮೇಲೆ ಎಣಿಸುವವರೂ ಇರಲಿಲ್ಲ. ಮುಂಜಾನೆ ಒಬ್ಬನೇ ಓಡಿ ಬಂದು "ಇವತ್ತು ಹನ್ನೆರಡು ಕಿಲೋಮೀಟರ್" ಎಂದು ಗುಂಪಿಗೆ ಮೆಸೇಜು ಹಾಕಿದರೆ, ನಾಲ್ಕು ಹೆಬ್ಬೆರಳುಗಳು ಹಾಸಿಗೆಯಿಂದಲೇ ಮೇಲೇಳುತ್ತಿದ್ದವು.

ಓಟದ ದಿನ ಎಲ್ಲರೂ ಬಂದೇ ಬರುತ್ತಾರೆಂದು ಅವನು ನಂಬಿದ್ದ. ಅರ್ಜಿಯಲ್ಲಿ 'ಓಟದ ಕೊನೆಯಲ್ಲಿ ನಿಮಗಾಗಿ ಕಾಯುವವರ ಹೆಸರು' ಎಂಬ ಕಾಲಂ ಇತ್ತು. ಎಲ್ಲರೂ ಪಕ್ಕದಲ್ಲೇ ಓಡುವಾಗ ಕಾಯುವವರು ಯಾಕೆ ಬೇಕು? ತುಸು ಹೆಮ್ಮೆಯಿಂದಲೇ ಅದನ್ನು ಖಾಲಿ ಬಿಟ್ಟಿದ್ದ.

ಆ ಬೆಳಿಗ್ಗೆ ನೋಡಿದರೆ ಅವನ ಎಡಗಾಲಿನ ಶೂ ಅಡಿ ಬಿಟ್ಟುಕೊಂಡು ಆಕಳಿಸುತ್ತಿತ್ತು. ಫ್ರೇಮಿಗೆ ಹಾಕುವ ಅಂಟು ಹಾಕಿ, ಅದರ ಬಾಯಿ ಮುಚ್ಚಿಸಿ, ಮೈದಾನಕ್ಕೆ ಬಂದ.

ಓಟಗಾರರಿಗೆಲ್ಲ ಅಂಗಿಯ ಗುಂಡಿಯಂಥ ಒಂದೊಂದು ಚಿಪ್ ಕೊಟ್ಟಿದ್ದರು. ಅದನ್ನು ಶೂ ದಾರಕ್ಕೆ ಕಟ್ಟಿಕೊಂಡು, ದಾರಿಗೆ ಅಡ್ಡಲಾಗಿ ಹಾಸಿದ ಪಟ್ಟಿಯನ್ನು ತುಳಿದರೆ 'ಕುಂಯ್' ಎಂದು ಸದ್ದಾಗಿ ಅವರವರ ಹೊತ್ತು ದಾಖಲಾಗುತ್ತಿತ್ತು. ಭಾವ ಬಂದವನೇ ಜೇಬಿನಿಂದ ಎರಡು ಚಿಪ್ ತೆಗೆದ.

"ನಿಮ್ಮಕ್ಕನಿಗೆ ತಲೆನೋವು ಕಣಯ್ಯ, ಕಾರಲ್ಲಿ ಮಲಗಿದಾಳೆ. ಅವಳನ್ನ ಬಿಟ್ಟು ಓಡೋಕೆ ನಂಗೆ ಮನಸ್ಸು ಬರುತ್ತಾ? ಇವೆರಡೂ ನಿನ್ನ ಕಾಲಿಗೇ ಇರಲಿ."

"ಹಾಗೆಲ್ಲಾ ನಡೆಯುತ್ತಾ ಭಾವ?"

"ನಡೆಯೋದೇನು, ಓಡುತ್ತೆ!"

ಮೇಷ್ಟ್ರು ಕುಂಟುತ್ತಾ ಬಂದರು. "ನನ್ನ ಮೊಣಕಾಲು ನಿನ್ನೆ ರಾಜೀನಾಮೆ ಕೊಡ್ತಪ್ಪಾ. ಮೊಮ್ಮಗಳು ನೋಡಿದ್ರೆ, ನಮ್ಮ ತಾತ ಓಡ್ತಾರೆ ಅಂತ ಇಡೀ ಶಾಲೆಗೆ ಸಾರಿಬಿಟ್ಟಿದಾಳೆ. ಏನಂತ ಮುಖ ತೋರಿಸ್ಲಿ ಹೇಳು?" ಎನ್ನುತ್ತಾ ತಮ್ಮ ಚಿಪ್ಪನ್ನೂ ಅವನ ಕೈಗಿಟ್ಟರು.

ಮ್ಯಾನೇಜರು ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ. ಗಿರಾಕಿಯ ಚೀಟಿ ಕೊಡುವಂತೆ ಚಿಪ್ ಚಾಚಿ, "ಇದೂ ಒಂದು ಸೇರಿಸ್ಕೊ" ಎಂದರು.

ಅವನು ಅಂಗೈಯಲ್ಲಿದ್ದ ನಾಲ್ಕು ಚಿಪ್‌ಗಳನ್ನು ನೋಡಿದ. ಆಗಲ್ಲ ಎನ್ನಲು ಬಾಯಿ ತೆರೆದ. ಹೊರಬಂದದ್ದು ಮಾತ್ರ "ಆಯ್ತು".

ಬೇರೆಯವರ ವಸ್ತು, ಜೋಪಾನವಾಗಿರಬೇಕು. ನಾಲ್ಕನ್ನೂ ಗಟ್ಟಿಯಿದ್ದ ಬಲಗಾಲಿನ ಶೂಗೆ ಕಟ್ಟಿದ. ತನ್ನದು ಅಂಟು ಹಾಕಿದ ಎಡಗಾಲಿನಲ್ಲೇ ಉಳಿಯಿತು.

ಐದನೆಯ ಕಿಲೋಮೀಟರಿನ ಪಟ್ಟಿ ತುಳಿದಾಗ ಕುಂಯ್ ಕುಂಯ್ ಎಂದು ಐದು ಸಲ ಕೂಗಿತು. ನಾಯಿ ಮರಿ ಹಾಕಿದ ಮನೆಯಂತಿತ್ತು ಸದ್ದು. ಅವನಿಗೆ ನಗು ಬಂತು. ಹತ್ತನೆಯದರಲ್ಲೂ ಐದು. ಸುತ್ತ ಸಾವಿರ ಜನ ಜೋಡಿಯಾಗಿ, ಗುಂಪಾಗಿ ಹರಟುತ್ತಾ ಓಡುತ್ತಿದ್ದರು. ಅವನೂ ಮೆಲ್ಲಗೆ ಬಲಗಾಲಿನೊಡನೆ ಮಾತಿಗಿಳಿದ. "ಮೇಷ್ಟ್ರೇ, ಏರು ಬಂತು, ಹುಷಾರು. ಅಕ್ಕಾ, ತಲೆನೋವು ಹೇಗಿದೆ?" ಪಕ್ಕದಲ್ಲಿದ್ದ ಹೆಂಗಸು ಅವನನ್ನೊಮ್ಮೆ ನೋಡಿ ರಸ್ತೆಯ ಆಚೆ ಬದಿಗೆ ಸರಿದಳು.

ಹದಿನೈದು ದಾಟಿ, ನೀರು ಕೊಡುವ ಮೇಜಿನ ಹತ್ತಿರ ಬಂದಾಗ ಅಂಟು ಸೋತಿತು. ಎಡಗಾಲಿನ ಶೂ ಹಸಿದ ಮೊಸಳೆಯಂತೆ ಬಾಯಿ ತೆರೆದು ಪಟಪಟ ಬಡಿಯತೊಡಗಿತು.

"ಮುಗ್ಗರಿಸಿ ಬೀಳ್ತೀರಾ ಸಾರ್! ಬಿಚ್ಚಿ ಕೊಡಿ, ನಾನೇ ಎಸಿತೀನಿ" ಎಂದ ನೀರು ಕೊಡುವವ.

"ಆಯ್ತು."

ಉಳಿದ ದಾರಿಯುದ್ದಕ್ಕೂ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಕಾಲುಚೀಲ. ಒಂದು ಕಾಲು ಮದುವೆಗೂ ಇನ್ನೊಂದು ಮಲಗುವುದಕ್ಕೂ ಹೊರಟಂತಿತ್ತು. ಕೊನೆಯ ಪಟ್ಟಿ ತುಳಿದಾಗ ಕಣ್ಣು ಕತ್ತಲಿಟ್ಟಿತ್ತು. ಎಷ್ಟು ಸಲ ಸದ್ದಾಯಿತೆಂದು ಎಣಿಸಲಿಲ್ಲ. ಒಂದು ಕುರ್ಚಿ ಸಿಕ್ಕಿತು, ಕುಸಿದು ಕೂತ.

"ಅಯ್ಯೋ, ಬೆವರು ನೋಡು, ಶೀತ ಆಗುತ್ತೆ" ಎಂದು ಅಕ್ಕ ಓಡಿಬಂದು ಭಾವನ ಕೋಟು ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿದಳು. ಎದೆಯ ಮೇಲಿನ ನಂಬರು ಮುಚ್ಚಿಹೋಯಿತು. ಅವಳ ಕೆನ್ನೆಯ ಮೇಲೆ ಕಾರಿನ ಸೀಟಿನ ಗೆರೆಗಳು ಇನ್ನೂ ಮೂಡಿದ್ದವು.

ಅಷ್ಟರಲ್ಲಿ ಮೈಕು ಗುಡುಗಿತು. "ಈ ವರ್ಷದ 'ಜೊತೆ ಬಿಡದ ಗುಂಪು' ಬಹುಮಾನ! ಇಂಥದ್ದು ನಾವು ಯಾವತ್ತೂ ನೋಡಿಲ್ಲ! ಇಪ್ಪತ್ತೊಂದು ಕಿಲೋಮೀಟರ್, ನಾಲ್ಕು ಜನ, ಒಬ್ಬರಿಗೊಬ್ಬರು ಒಂದು ಸೆಕೆಂಡೂ ಹಿಂದೆ ಮುಂದೆ ಇಲ್ಲ!"

ಮೈಕಿನಲ್ಲಿ ತಮ್ಮ ಹೆಸರುಗಳನ್ನು ಕೇಳಿ ಅಕ್ಕ, ಭಾವ, ಮೇಷ್ಟ್ರು, ಮ್ಯಾನೇಜರು ಮುಖ ಮುಖ ನೋಡಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾಲ್ವರೂ ವೇದಿಕೆ ಹತ್ತಿದರು. ಮೇಷ್ಟ್ರು ಕುಂಟುವುದನ್ನು ಕಂಡು ಚಪ್ಪಾಳೆ ಇಮ್ಮಡಿಯಾಯಿತು.

"ನೀನೇ ಫೋಟೋ ತೆಗಿಯೋ" ಎಂದು ಅಕ್ಕ ಮೇಲಿನಿಂದ ಕೂಗಿದಳು. ತೆಗೆದ. ಇಳಿದು ಬಂದವಳು ನಿಜವಾದ ಬೇಸರದಿಂದಲೇ ಕೇಳಿದಳು: "ನೀನೂ ಇದ್ದಿದ್ರೆ ಐದು ಜನ ಆಗ್ತಿದ್ವಲ್ಲೋ. ಎಲ್ಲಿ ಹಿಂದೆ ಬಿದ್ದೆ?"

"ಸುಧಾರಿಸ್ಕೊಂಡು ಬಾ" ಎಂದು ಎಲ್ಲರೂ ತಿಂಡಿಯ ಡೇರೆಯ ಕಡೆ ನಡೆದರು. ಓಟ ನೋಡಲು ಬಂದಿದ್ದ ಮೇಷ್ಟ್ರ ಮೊಮ್ಮಗಳು ತಾತನಿಗೆ ಸಿಕ್ಕ ಪದಕವನ್ನು ತನ್ನ ಕೊರಳಿಗೆ ಹಾಕಿಕೊಂಡು ಮುಂದೆ ಮುಂದೆ ಕುಣಿಯುತ್ತಿದ್ದಳು.

ಮೈದಾನ ಖಾಲಿಯಾಗುತ್ತಾ ಬಂತು. ಆಗ ಮೈಕು ಮತ್ತೆ ಕೂಗಿತು, ಈ ಸಲ ಮೆತ್ತಗೆ.

"ಒಬ್ಬ ಓಟಗಾರರು ಇನ್ನೂ ಬಂದಿಲ್ಲ. ನಂಬರು ಐನೂರ ಏಳು. ಹದಿನೈದು ಕಿಲೋಮೀಟರ್ ಆದ್ಮೇಲೆ ಅವರ ಸುಳಿವಿಲ್ಲ. ಐನೂರ ಏಳಕ್ಕೆ ಕಾಯ್ತಿರೋರು ಯಾರಾದ್ರೂ ಇದ್ದೀರಾ?"

ಕೋಟಿನ ಒಳಗೆ ಅವನ ಎದೆಯ ಮೇಲಿದ್ದದ್ದೇ ಐನೂರ ಏಳು. ಬಗ್ಗಿ ಕಾಲು ನೋಡಿಕೊಂಡ. ಎಡಗಾಲಲ್ಲಿ ಕೊಳೆಯಾದ ಕಾಲುಚೀಲ; ಅವನ ಚಿಪ್ ಶೂ ಜೊತೆಗೇ ಹೋಗಿತ್ತು. ಬಲಗಾಲಲ್ಲಿ ನಾಲ್ಕು ಚಿಪ್‌ಗಳು ಇನ್ನೂ ಹಾಗೇ ಇದ್ದವು. ನಾನೇ ಎಂದು ಎದ್ದು ನಿಂತರೆ ಮೊದಲು ಕಾಲನ್ನೇ ನೋಡುತ್ತಾರೆ. ಆಮೇಲೆ ಆ ಹುಡುಗಿಯ ಕೊರಳಿನ ಪದಕವನ್ನು. ಬಲಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡ.

ಮೂರು ಸಲ ಕೂಗಿದರೂ ಡೇರೆಯಿಂದ ಯಾರೂ ತಲೆಯೆತ್ತಲಿಲ್ಲ. ಹೆಸರಿನ ಪಟ್ಟಿ ಹಿಡಿದ ಸ್ವಯಂಸೇವಕಿಯೊಬ್ಬಳು ಖಾಲಿ ಕುರ್ಚಿಗಳ ನಡುವೆ ನಡೆದು ಅವನ ಬಳಿ ಬಂದಳು.

"ಸಾರ್, ನೀವೇನಾದ್ರೂ ಐನೂರ ಏಳಕ್ಕೆ...?"

"ಹೂಂ" ಎಂದ. "ನಾನು ಕಾಯ್ತಿದ್ದೀನಿ."

"ಸದ್ಯ! ಅರ್ಜೀಲಿ ಯಾರ ಹೆಸರೂ ಇರ್ಲಿಲ್ಲ. ನಂಗೇ ಪಾಪ ಅನ್ನಿಸ್ತಿತ್ತು." ಅವಳು ಪಟ್ಟಿಯಲ್ಲಿ ಏನನ್ನೋ ಬರೆದುಕೊಂಡಳು. "ಹುಡುಕೋಕೆ ಗಾಡಿ ಕಳಿಸಿದೀವಿ. ಅವರು ಬರೋವರೆಗೂ ಎದ್ದು ಹೋಗ್ಬೇಡಿ ಸಾರ್. ಅಷ್ಟು ದೂರ ಓಡಿ ಬಂದೋರಿಗೆ ಇಲ್ಲಿ ಒಬ್ಬರಾದ್ರೂ ಇರ್ಬೇಕಲ್ವಾ?"

"ಆಯ್ತು" ಎಂದು ಅವನು ಕುರ್ಚಿಯನ್ನು ಖಾಲಿ ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂತ.