ಟಿ.ವಿ. ಮೇಲಿನ ಮೊಳೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ, ನಕ್ಷೆಗಾರ ತನ್ನ ಅತ್ತೆ ಮನೆಯವರ ಫೋಟೊವನ್ನು ಕಂಪ್ಯೂಟರ್ ಪರದೆಯ ತುಂಬ ಹಿಗ್ಗಿಸಿ ನೋಡಿದ. ಏಳು ಜನರಿದ್ದರು. ನೆಟ್ಟಗೆ ಬಂದಿದ್ದವನು ಒಬ್ಬ. ಅವನು ಷಡ್ಡಕ.

ಮಾವನವರ ಕಣ್ಣು ಮುಚ್ಚಿತ್ತು. ಅತ್ತೆಯ ಬಾಯಿ ತೆರೆದಿತ್ತು. ಷಡ್ಡಕನ ಹೆಂಡತಿ, ಅಂದರೆ ಅತ್ತಿಗೆ, ನೆಲದಲ್ಲಿ ಏನೋ ಕಳೆದುಕೊಂಡವಳಂತೆ ತಲೆ ತಗ್ಗಿಸಿದ್ದಳು. ಬಾಮೈದನ ಹುಬ್ಬು ಹಣೆ ದಾಟಿ ಕೂದಲೊಳಗೆ ಹೋಗಿತ್ತು. ನಕ್ಷೆಗಾರನ ಹೆಂಡತಿ ನಕ್ಷೆಗಾರನನ್ನೇ ನೋಡುತ್ತಿದ್ದಳು. ಆ ನೋಟದ ಅರ್ಥ ಅವನಿಗೆ ಏಳು ವರ್ಷದಿಂದ ಗೊತ್ತು. ಎಲ್ಲರಿಗಿಂತ ಬಲಕ್ಕೆ, ಗೋಡೆಗೆ ಒಂದು ಕೈ ಕೊಟ್ಟು, ಇಂಗು ತಿಂದ ಮಂಗನ ಹಾಗೆ ನಿಂತಿದ್ದವನು ಅವನೇ.

ಕಾರಣವೂ ಅವನೇ. ಹಿಂದಿನ ದಿನ ಫೋನನ್ನು ಕುರ್ಚಿಗೆ ಒರಗಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಓಡಿ ಬಂದು ಸಾಲು ಸೇರುವಾಗ ಒಂಬತ್ತನೆಯ ಸೆಕೆಂಡಿಗೆ ಅತ್ತೆಯ ಕಾಲು ತುಳಿದಿದ್ದ. ಹತ್ತನೆಯ ಸೆಕೆಂಡಿನಲ್ಲಿ ಮನೆಮಂದಿಯ ಮುಖಗಳು ದಿಕ್ಕಿಗೊಂದಾದವು. ಷಡ್ಡಕನದು ಆಗಲಿಲ್ಲ. ಕ್ಯಾಮೆರಾ ಎದುರಿಗಿದ್ದರೆ ಭೂಕಂಪಕ್ಕೂ ಕದಲದ ಆಸಾಮಿ ಅವನು.

ಇನ್ನೊಮ್ಮೆ ತೆಗೆಯುವಂತಿರಲಿಲ್ಲ. ಎಲ್ಲರೂ ಅತ್ತೆಯ ಹೆಬ್ಬೆರಳಿಗೆ ಐಸ್ ಹುಡುಕುತ್ತಿರುವಾಗಲೇ ಬಾಮೈದನ ಟ್ಯಾಕ್ಸಿ ಬಂತು. ಅವನಿಗೆ ಹಡಗಿನಲ್ಲಿ ಕೆಲಸ. ಹೋದರೆ ಬರುವುದು ಒಂಬತ್ತು ತಿಂಗಳಿಗೆ.

ಹೋಗಲಿ ಬಿಡು ಎನ್ನುವಂತೆಯೂ ಇರಲಿಲ್ಲ. ಅತ್ತೆ ಮನೆಯ ಹಾಲ್‌ನಲ್ಲಿ ಟಿ.ವಿ.ಯ ಮೇಲೆ ಒಂದು ಮೊಳೆ ಇತ್ತು. ಗೋಡೆ ಎಷ್ಟು ಗಟ್ಟಿಯೆಂದರೆ ಮೂರು ಸುತ್ತಿಗೆ ಮುರಿದರೂ ಅದರೊಳಗೆ ಇಳಿದದ್ದು ಅದೊಂದೇ ಮೊಳೆ. ಆರು ವರ್ಷದಿಂದ ಅದರಲ್ಲಿ ಷಡ್ಡಕ ನೇತಾಡುತ್ತಿದ್ದ: ಕಂಪನಿಯ ಕೇರಂ ಪಂದ್ಯದ ಕಪ್ ಹಿಡಿದು, ಮೂವತ್ತೆರಡೂ ಹಲ್ಲು ಬಿಟ್ಟು. ನಕ್ಷೆಗಾರ ಅಲ್ಲಿ ಕೂತು ಸುದ್ದಿ ನೋಡಲಿ, ಸಿನಿಮಾ ನೋಡಲಿ, ಮೇಲಿನಿಂದ ಷಡ್ಡಕ ನಗುತ್ತಿದ್ದ. “ಎಲ್ರೂ ಇರೋ ಫೋಟೊ ಒಂದು ಬರ್ಲಿ, ಇದನ್ನ ತೆಗೆದು ಅದನ್ನ ಹಾಕ್ತೀನಿ” ಎಂದು ಅತ್ತೆ ಮಾತು ಕೊಟ್ಟದ್ದು ಹೋದ ವಾರ. ಇಂದು ಸಂಜೆ ಆರೂವರೆಗೆ ಅವರ ಅರವತ್ತೈದನೆಯ ಹುಟ್ಟುಹಬ್ಬ. ಫ್ರೇಮ್ ಅಂಗಡಿ ಐದಕ್ಕೇ ಮುಚ್ಚುತ್ತದೆ. ಷಡ್ಡಕನನ್ನು ಮೊಳೆಯಿಂದ ಇಳಿಸಲು ಅವನ ಕೈಯಲ್ಲಿದ್ದದ್ದು ಎಂಟು ಗಂಟೆಗಿಂತ ಕಡಿಮೆ.

ಕಚೇರಿಯ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಸಾಫ್ಟ್‌ವೇರ್ ಇತ್ತು. ಒಡೆದ ಪೈಪುಗಳ ಮಬ್ಬು ಚಿತ್ರಗಳನ್ನು ತಿಳಿ ಮಾಡಲು ಹಾಕಿಸಿದ್ದು. ಅವನು ಅದನ್ನು ತೆರೆದ.

“ಏನ್ರೀ, ಯಾರಾದ್ರೂ ಹೋಗ್ಬಿಟ್ರಾ?” ಬೆನ್ನ ಹಿಂದೆ ಹೆಡ್ ಕ್ಲರ್ಕ್ ಮೇಡಂ ನಿಂತಿದ್ದರು.

“ಇಲ್ಲ ಮೇಡಂ, ಫ್ಯಾಮಿಲಿ ಫೋಟೊ.”

“ಯಾರೂ ಹೋಗಿಲ್ಲ ಅಂದ್ರೆ ಎಲ್ರೂ ಯಾಕೆ ಹೀಗಿದಾರೆ?”

ಟೀ ಲೋಟ ಹಿಡಿದು ಬಿಲ್ ಗುಮಾಸ್ತನೂ ಬಂದ. ಅವನು ಯಾರ ಕಷ್ಟವನ್ನೂ ನಿಂತು ನೋಡುವವನಲ್ಲ. ಕುರ್ಚಿ ಎಳೆದುಕೊಂಡು ಕೂತು ನೋಡುವವನು. “ಕಣ್ಣು ಮುಚ್ಚಿದ್ರೆ ಏನಂತೆ, ಬೇರೆ ಫೋಟೊದಿಂದ ಕಣ್ಣು ತಂದು ಹಾಕು” ಎಂದ.

ಮಾವನವರ ಬೇರೆ ಫೋಟೊ ಎಂದರೆ ಫೋನಿನಲ್ಲಿದ್ದ ಪಿಂಚಣಿ ಪುಸ್ತಕದ ಪ್ರತಿ. ಅದರಿಂದ ಎರಡು ಕಣ್ಣು ತೆಗೆದು ಅಂಟಿಸಿದ್ದಾಯಿತು. ಬಲಗಣ್ಣು ಕಿಟಕಿ ನೋಡಿತು. ಎಡಗಣ್ಣಿನ ಮೇಲೆ ಖಜಾನೆಯ ಅರ್ಧ ಸೀಲು ಇತ್ತು.

“ಹದಿನಾಲ್ಕು ವರ್ಷ ನಕ್ಷೆ ಬರ್ದು ಇದೇನಾ ಕಲ್ತಿದ್ದು?” ಎಂದರು ಮೇಡಂ. “ಹರಿದ ನಕ್ಷೆಗೆ ಬೇರೆ ಹಾಳೆ ತುಂಡು ಯಾವತ್ತಾದ್ರೂ ಕೂತಿದ್ಯಾ? ಅಳತೆ ಬೇರೆ, ಬೆಳಕು ಬೇರೆ. ಅದೇ ಹಾಳೇಲಿ ಚೆನ್ನಾಗಿರೋ ಜಾಗ ನೋಡಿ, ಅಲ್ಲಿಂದ ತೆಗೀರಿ.”

ಅದು ನಕ್ಷೆ ವಿಭಾಗದ ಮೊದಲ ಪಾಠ. ಅವನಿಗೆ ನಾಚಿಕೆಯಾಯಿತು. ಅದೇ ಹಾಳೆಯಲ್ಲಿ ಚೆನ್ನಾಗಿದ್ದ ಜಾಗ ಒಂದೇ. ಅವನು ಹಲ್ಲು ಕಚ್ಚಿ ಷಡ್ಡಕನ ಎರಡೂ ಕಣ್ಣು ಕತ್ತರಿಸಿ ಮಾವನವರ ಮುಖಕ್ಕೆ ಇಟ್ಟ. ಅಚ್ಚು ಹೊಯ್ದ ಹಾಗೆ ಕೂತವು.

“ನೋಡಿದ್ರಾ, ಎದ್ದು ಕೂತ್ರು ನಿಮ್ಮ ಮಾವ” ಎಂದರು ಮೇಡಂ.

ಷಡ್ಡಕನ ನಗು ಅತ್ತೆಗೆ ಹೋಯಿತು. “ಹಲ್ಲು ಜಾಸ್ತಿಯಾಯ್ತು” ಎಂದ ಬಿಲ್ ಗುಮಾಸ್ತ. ನಾಲ್ಕು ಹಲ್ಲು ಕಡಿಮೆ ಮಾಡಿದರು. ಅತ್ತಿಗೆಯ ತಲೆ ತಗ್ಗಿದ್ದರಿಂದ ಅವಳಿಗೆ ಹಣೆಯಿಂದ ಗಲ್ಲದವರೆಗೆ ಗಂಡನ ಮುಖವನ್ನೇ ಇಟ್ಟು ಮೀಸೆ ಅಳಿಸಬೇಕಾಯಿತು. ಮೀಸೆಯ ಕೆಲಸಕ್ಕೇ ಮುಕ್ಕಾಲು ಗಂಟೆ ಹಿಡಿಯಿತು.

ಹನ್ನೆರಡೂವರೆಗೆ ಸಾಹೇಬರು ಒಳಗೆ ಬಂದರು. ಬಿಲ್ ಗುಮಾಸ್ತ ಲೋಟವನ್ನು ನಕ್ಷೆಯ ಕೆಳಗೆ ಬಚ್ಚಿಟ್ಟ. ನಕ್ಷೆಯಲ್ಲಿ ಒಂದು ಹೊಸ ಕೆರೆಯಾಯಿತು.

“ಏನಿದು ಗುಂಪು?”

“ಸೋರಿಕೆ ಸರ್” ಎಂದರು ಮೇಡಂ.

“ಎಲ್ಲಿ?”

“ಇವರ ಅತ್ತೆ ಮನೇಲಿ.”

ಸಾಹೇಬರು ಕನ್ನಡಕ ಏರಿಸಿ ಪರದೆಗೆ ಬಗ್ಗಿದರು. ನಕ್ಷೆಗಾರ ಮನಸ್ಸಿನಲ್ಲೇ ವರ್ಗಾವಣೆಯ ಗಂಟುಮೂಟೆ ಕಟ್ಟಿದ. “ಈ ಹುಡುಗನ ಹುಬ್ಬು ಸರಿಯಿಲ್ಲ” ಎಂದರು ಸಾಹೇಬರು. “ಕೆಳಗಿಳಿಸಿ. ಆ ನಗೋ ಮನುಷ್ಯನ ಹುಬ್ಬು ಚೆನ್ನಾಗಿದೆ ನೋಡಿ, ಅದನ್ನೇ ಹಾಕಿ.” ಒಂದು ಗಂಟೆಗಿದ್ದ ಮೀಟಿಂಗನ್ನು ಅವರು ಮೂರಕ್ಕೆ ಮುಂದೂಡಿದರು. ಹುಬ್ಬಿನ ಜೊತೆಗೆ ಕಣ್ಣೂ ಬಂತು, ಕಣ್ಣಿನ ಹಿಂದೆ ನಗುವೂ ಬಂತು. ಬಾಮೈದ ಲಕ್ಷಣವಾದ.

ಹೆಂಡತಿಯ ಸರದಿ ಬಂದಾಗ ನಕ್ಷೆಗಾರ ಮೌಸ್ ಬಿಟ್ಟ.

“ಇವಳಿಗೆ ಬೇಡ.”

“ಯಾಕೆ?”

“ನನ್ನ ಹೆಂಡ್ತಿ ಮುಖದಲ್ಲಿ ಅವನ ನಗು ಯಾಕ್ರೀ?”

ಮೇಡಂ ಪರದೆಯನ್ನು ಬೆರಳಿನಿಂದ ತಟ್ಟಿದರು. “ಈ ನೋಟ ಮನೇಲಿ ಹೇಗೂ ಇರುತ್ತೆ. ಗೋಡೆ ಮೇಲೂ ಬೇಕಾ?”

ಅವನು ತಡಮಾಡದೆ ಕತ್ತರಿಸಿದ.

ಉಳಿದವನು ಅವನೊಬ್ಬ. ಗಂಟೆ ನಾಲ್ಕಾಗಿತ್ತು. “ನಿಮ್ಮದೂ ಮುಗಿಸಿಬಿಡಿ” ಎಂದರು ಮೇಡಂ. ಅವನು ಕುರ್ಚಿಯಿಂದ ಎದ್ದ. “ಪ್ರಾಣ ಹೋದ್ರೂ ಅವನ ಹಲ್ಲು ನನ್ನ ಬಾಯಿಗೆ ಬೇಡ. ನನ್ನ ಮುಖ ಹೇಗಿದೆಯೋ ಹಾಗೇ ಇರ್ಲಿ.”

ನಕ್ಷೆ ಮುದ್ರಿಸುವ ದೊಡ್ಡ ಯಂತ್ರ ಅಭ್ಯಾಸಬಲದಿಂದ ಮೊದಲ ಪ್ರತಿಯಲ್ಲಿ ಮಾವನವರ ನೆತ್ತಿಯ ಮೇಲೆ ಉತ್ತರ ದಿಕ್ಕಿನ ಬಾಣ ಬರೆದು, ಅತ್ತೆಯ ಮಡಿಲಲ್ಲಿ ಅಳತೆಪಟ್ಟಿ ಇಟ್ಟಿತು. ಎರಡನೆಯ ಪ್ರತಿ ಸರಿಯಾಗಿ ಬಂತು. ಅದನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವನು ಓಡಿದ ಓಟಕ್ಕೆ ಬೀದಿ ನಾಯಿಗಳು ಎದ್ದು ದಾರಿ ಬಿಟ್ಟವು. ಐದಕ್ಕೆ ಐದು ನಿಮಿಷವಿತ್ತು. ಫ್ರೇಮ್ ಅಂಗಡಿಯವನು ಅರ್ಧ ಎಳೆದ ಬಾಗಿಲನ್ನು ಮತ್ತೆ ಮೇಲೆತ್ತಿ, ಫೋಟೊವನ್ನು ಹರಡಿ, ಮೆಚ್ಚಿ ತಲೆದೂಗಿದ.

“ಆರೂ ಜನ ಒಂದೇ ಅಚ್ಚು ಸಾರ್. ಇಂಥ ಕುಟುಂಬ ನಾನು ನೋಡಿಲ್ಲ.”

ನಕ್ಷೆಗಾರ ಅದನ್ನು ಹೊಗಳಿಕೆ ಎಂದುಕೊಂಡ.

ಆರೂವರೆಗೆ ಅತ್ತೆ ಮನೆಯ ಹಾಲ್ ತುಂಬಿತ್ತು. ಅತ್ತೆ ಹೆಬ್ಬೆರಳಿನ ಪಟ್ಟಿಯೊಂದಿಗೆ ಕುಂಟುತ್ತ ಹೋಗಿ, ತಮ್ಮ ಕೈಯಾರೆ ಕೇರಂ ಕಪ್ಪಿನ ಫೋಟೊವನ್ನು ಇಳಿಸಿ ಸೋಫಾದ ಹಿಂದೆ ಇಟ್ಟರು. ಆರು ವರ್ಷದಲ್ಲಿ ಮೊದಲ ಬಾರಿಗೆ ಮೊಳೆ ಬರಿದಾಯಿತು. ನಕ್ಷೆಗಾರನಿಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಮಾವನವರು ಹೊಸ ಫೋಟೊ ತೂಗುಹಾಕಿದರು.

“ನಾನು ಇಷ್ಟು ಚೆನ್ನಾಗಿದೀನಾ?” ಎಂದರು ಮಾವನವರು. ಅತ್ತೆ ತಮ್ಮ ಹಲ್ಲನ್ನು ಹತ್ತಿರದಿಂದ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿ ಮಾತ್ರ ಒಮ್ಮೆ ಫೋಟೊ ನೋಡಿ, ಆಮೇಲೆ ಅವನನ್ನು ನೋಡತೊಡಗಿದಳು. ಮಧ್ಯಾಹ್ನ ಕತ್ತರಿಸಿ ಎಸೆದಿದ್ದ ನೋಟ ಅದೇ.

ಅವನ ಮೂರು ವರ್ಷದ ಮಗಳು, ಫೋಟೊ ತೆಗೆದಾಗ ಒಳಗೆ ನಿದ್ದೆ ಮಾಡಿದ್ದವಳು, ಸೋಫಾ ಹತ್ತಿ ನಿಂತು ಒಬ್ಬೊಬ್ಬರನ್ನೇ ಬೆರಳಿಟ್ಟು ತೋರಿಸಿದಳು.

“ದೊಡ್ಡಪ್ಪ. ದೊಡ್ಡಪ್ಪ. ದೊಡ್ಡಪ್ಪ. ದೊಡ್ಡಪ್ಪ. ದೊಡ್ಡಪ್ಪ. ದೊಡ್ಡಪ್ಪ.” ಕೊನೆಗೆ ಬೆರಳು ಬಲತುದಿಗೆ ಬಂತು. “ಅಪ್ಪ.”



“ನೋಡಿ, ಮಗು ಕಣ್ಣು ಸುಳ್ಳು ಹೇಳುತ್ತಾ?” ಎಂದರು ಪಕ್ಕದ ಮನೆಯಾಕೆ. “ದೊಡ್ಡ ಅಳಿಯಂದ್ರು ನಿಮ್ಮ ಹೊಟ್ಟೇಲೇ ಹುಟ್ಟಿದ ಹಾಗಿದಾರೆ. ಕಣ್ಣು ಥೇಟ್ ಮಾವಂದು, ನಗು ಥೇಟ್ ನಿಮ್ಮದು.”

“ನಾನು ಮೊದಲಿಂದ ಹೇಳ್ತಿಲ್ವಾ, ಅವರು ಅಳಿಯ ಅಲ್ಲ, ಮಗ ಅಂತ” ಎಂದರು ಅತ್ತೆ.

“ಈ ತುದೀಲಿ ಗೋಡೆ ಹಿಡ್ಕೊಂಡಿರೋರು ಯಾರು? ಮೀಟರ್ ನೋಡೋಕೆ ಬಂದೋರಾ?” ಎಂದು ಕೇಳಿದರು ಪಕ್ಕದ ಮನೆಯಾಕೆ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುತ್ತಾರೆ. ಈ ಪಿಶಾಚಿ ಒಂದಾಗಿ ಹೋಗಿ ಆರಾಗಿ ಬಂದಿತ್ತು.

ಷಡ್ಡಕ ದೊಡ್ಡ ಮನಸ್ಸಿನಿಂದ ಅವನ ಹೆಗಲ ಮೇಲೆ ಕೈ ಹಾಕಿದ. “ಎಲ್ರನ್ನೂ ಇಷ್ಟು ಚೆನ್ನಾಗಿ ತೆಗೆದು ನಿನ್ನನ್ನ ನೀನೇ ಮರ್ತುಬಿಟ್ಯಲ್ಲಪ್ಪಾ.”

“ಹೌದು ಅಳಿಯಂದ್ರೇ” ಎಂದರು ಅತ್ತೆ. “ಇದು ಒಂಚೂರು ಸರಿಮಾಡಿಸ್ಕೊಂಡು ಬನ್ನಿ. ನೀವೂ ನಮ್ಮೋರ ಹಾಗೆ ಕಾಣ್ಬೇಕಲ್ವಾ?” ಅವರು ಫೋಟೊ ಇಳಿಸಿ ಅವನ ಕೈಗಿತ್ತರು. “ಅಲ್ಲೀವರೆಗೂ ಮೊಳೆ ಖಾಲಿ ಇರೋದು ಬೇಡ.”

ಸೋಫಾದ ಹಿಂದಿನಿಂದ ಕೇರಂ ಕಪ್ಪಿನ ಫೋಟೊ ತೆಗೆದು, ಧೂಳು ಒರೆಸಿ, ಮತ್ತೆ ಅದೇ ಜಾಗಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಕ್ಷೆಗಾರ ಷಡ್ಡಕನ ನಗುವನ್ನು ಕತ್ತರಿಸಿ ತನ್ನ ಮುಖಕ್ಕೆ ಇಟ್ಟ. ಅಚ್ಚು ಹೊಯ್ದ ಹಾಗೆ ಕೂತಿತು.